ಆಕಾಶದ ಗಣಿತ, ಭೂಮಿಯ ಹಿಮ: ಮಿಲುಟಿನ್ ಮಿಲಾಂಕೊವಿಚ್ ಅವರ ಜೀವನ

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ರೈತರು ಮಳೆಯನ್ನು ನಕ್ಷತ್ರದ ಹೆಸರಿನಿಂದಲೇ ಕರೆಯುತ್ತ ಬಂದಿದ್ದಾರೆ. ಜೂನ್ ತಿಂಗಳು ಹುಟ್ಟಿತೆಂದರೆ ಮೃಗಶಿರಾ ಮಳೆಗಾಗಿ ಮುಗಿಲು ನೋಡುವುದು, ಉತ್ತರೆ ಹಸ್ತೆಗಳ ಹಸಿಯನ್ನು ನಂಬಿ ಹಿಂಗಾರಿ ಜೋಳ ಬಿತ್ತುವುದು ಈ ನೆಲದ ರೂಢಿ. ಸೂರ್ಯನು ಆಗ ಯಾವ ನಕ್ಷತ್ರದಲ್ಲಿರುವನೋ ಅದರ ಹೆಸರೇ ಆ ಮಳೆಗೆ. ಆಕಾಶದಲ್ಲಿ ನಡೆಯುವುದಕ್ಕೂ ಹೊಲದಲ್ಲಿ ಬೆಳೆಯುವುದಕ್ಕೂ ಸಂಬಂಧವುಂಟೆಂಬ ಅರಿವು ನಮ್ಮ ಹಿರಿಯರಿಗೆ ಶಾಲೆಯ ಮೆಟ್ಟಿಲು ಹತ್ತದೆಯೇ ಬಂದಿತ್ತು.

ಆ ಸಂಬಂಧವನ್ನು ಲಕ್ಷಾಂತರ ವರ್ಷಗಳ ಉದ್ದಕ್ಕೂ ಲೆಕ್ಕ ಹಾಕಿ, ಅಂಕೆಗಳಲ್ಲಿ ನಿಲ್ಲಿಸಿ ತೋರಿಸಿದ ಮಹನೀಯರೊಬ್ಬರ ಬಾಳನ್ನು ಈ ಸ್ಮರಣ ಸಂಚಿಕೆಯ ಓದುಗರ ಮುಂದಿಡಲು ನಾವು ಬಯಸಿದ್ದೇವೆ. ಅವರೇ ಸರ್ಬಿಯಾದ ಗಣಿತಜ್ಞ ಮಿಲುಟಿನ್ ಮಿಲಾಂಕೊವಿಚ್. ಭೂಮಿಯ ಮೇಲೆ ಹಿಮಯುಗಗಳು ಏಕೆ ಬಂದು ಹೋದವು ಎಂಬ ಪ್ರಶ್ನೆಗೆ ಸೌರಮಂಡಲದಲ್ಲಿ ಉತ್ತರ ಹುಡುಕಿದವರು ಅವರು. ಅವರನ್ನು ನಾವು ಆರಿಸಿಕೊಂಡುದಕ್ಕೆ ಇನ್ನೊಂದು ಕಾರಣವೂ ಉಂಟು. ಅವರು ಹುಟ್ಟಿದ್ದು ಗಡಿಯಲ್ಲಿ. ಗಡಿಯಲ್ಲಿ ಬಾಳುವವರ ಪಾಡೇನೆಂಬುದನ್ನು ಅನುಭವಿಸಿ ತಿಳಿದವರು.

ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ದಾಲ್ ಎಂಬ ಹಳ್ಳಿಯಿದೆ. ಇಂದು ಅದು ಕ್ರೊಯೇಷಿಯಾಕ್ಕೆ ಸೇರಿದೆ. ಅಂದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿತ್ತು. ಅಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಒಂದು ಸರ್ಬ್ ಕುಟುಂಬದಲ್ಲಿ 1879ರ ಮೇ 28ರಂದು ಮಿಲುಟಿನ್ ಅವಳಿ ಮಗುವಾಗಿ ಜನಿಸಿದರು. ಜೊತೆಗೆ ಹುಟ್ಟಿದ ತಂಗಿ ಮಿಲೆನಾ. ಏಳು ಮಕ್ಕಳಲ್ಲಿ ಅವರೇ ಹಿರಿಯರು. ಎಳವೆಯಲ್ಲಿಯೇ ತಂದೆ ತೀರಿಕೊಂಡರು. ತಾಯಿ, ಅಜ್ಜಿ ಹಾಗೂ ಸೋದರಮಾವ ಮಕ್ಕಳನ್ನು ಸಾಕಿದರು. ಮೂವರು ತಮ್ಮಂದಿರು ಕ್ಷಯರೋಗಕ್ಕೆ ತುತ್ತಾದರು. ಮಿಲುಟಿನ್ ಅವರ ಮೈಕಟ್ಟೂ ಬಲವಾದುದಲ್ಲ. ಆ ಕಾರಣದಿಂದ ಅವರ ಮೊದಲ ಪಾಠಗಳು ಮನೆಯಲ್ಲಿಯೇ ನಡೆದವು.

ಹತ್ತನೆಯ ವಯಸ್ಸಿನಲ್ಲಿ ಅವರು ಸಮೀಪದ ಒಸಿಯೆಕ್ ಪಟ್ಟಣದ ಶಾಲೆಗೆ ಸೇರಿದರು. ಅಲ್ಲಿ ಗಣಿತ ಹೇಳುತ್ತಿದ್ದವರು ವ್ಲಾದಿಮಿರ್ ವರಿಚಾಕ್. ಮುಂದೆ ಜಾಗ್ರೆಬ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ ಹೆಸರು ಪಡೆದವರು. ಈ ಗುರುಗಳಿಂದ ಮಿಲುಟಿನ್ ಅವರಿಗೆ ಗಣಿತದ ಮೇಲೆ ಹುಟ್ಟಿದ ಪ್ರೀತಿ ಕೊನೆಯವರೆಗೂ ಮಾಸಲಿಲ್ಲ. ಒಂದು ಚಿಕ್ಕ ಪಟ್ಟಣದ ಶಾಲೆಯಲ್ಲಿ ಒಬ್ಬ ಒಳ್ಳೆಯ ಉಪಾಧ್ಯಾಯರು ಇದ್ದರೆ ಏನಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ನಮಗೆ ಬೇಕಿಲ್ಲ.

1896ರಲ್ಲಿ ಅವರು ವಿಯೆನ್ನಾಕ್ಕೆ ತೆರಳಿ ಕಟ್ಟಡ ಎಂಜಿನಿಯರಿಂಗ್ ವ್ಯಾಸಂಗ ಮಾಡಿದರು. 1904ರಲ್ಲಿ ಡಾಕ್ಟರೇಟ್ ಪದವಿ ಪಡೆದು, ಅಲ್ಲಿನ ಒಂದು ಕಾಂಕ್ರೀಟು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ಸೇತುವೆ, ಅಣೆಕಟ್ಟು, ಕಾಲುವೆ, ಕಾರ್ಖಾನೆಗಳ ರಚನೆಗೆ ಅವರ ಲೆಕ್ಕಗಳು ಆಧಾರವಾದವು. ಕಬ್ಬಿಣದ ಸರಳು ಕೂಡಿಸಿದ ಕಾಂಕ್ರೀಟಿನ ವಿಷಯದಲ್ಲಿ ಪೇಟೆಂಟುಗಳನ್ನೂ ಪಡೆದರು. ಹೆಸರೂ ಹಣವೂ ಕೈಗೂಡಿದ ದಿನಗಳವು. ಹಾಗಿದ್ದರೂ 1909ರಲ್ಲಿ ಬೆಲ್‌ಗ್ರೇಡ್ ವಿಶ್ವವಿದ್ಯಾಲಯವು ಅನ್ವಯಿಕ ಗಣಿತದ ಪೀಠಕ್ಕೆ ಕರೆದಾಗ, ಬಹಳ ಕಡಿಮೆ ಸಂಬಳವೆಂಬುದನ್ನು ಅರಿತೇ ಅವರು ಒಪ್ಪಿಕೊಂಡರು. ತಮ್ಮ ಭಾಷೆಯ ಜನರ ನಡುವೆ ಪಾಠ ಹೇಳುವ, ತಮ್ಮ ಇಚ್ಛೆಯ ವಿಷಯವನ್ನು ಶೋಧಿಸುವ ಅವಕಾಶ ಅವರಿಗೆ ಹಣಕ್ಕಿಂತ ದೊಡ್ಡದಾಗಿ ಕಂಡಿತು. ಮರುವರ್ಷ ಅವರು ಸರ್ಬಿಯಾದ ಪ್ರಜೆಯಾದರು.

ಬೆಲ್‌ಗ್ರೇಡಿನಲ್ಲಿ ಅವರು ಶೋಧನೆಗೆ ಆರಿಸಿಕೊಂಡ ವಿಷಯ ಹವಾಮಾನ. ಆ ಕಾಲದಲ್ಲಿ ಹವಾಮಾನಶಾಸ್ತ್ರವು ಬಹುಮಟ್ಟಿಗೆ ಅಳತೆಗಳ ಸಂಗ್ರಹವಾಗಿತ್ತು. ಎಲ್ಲೆಲ್ಲಿ ಎಷ್ಟು ಮಳೆ, ಎಷ್ಟು ಸೆಖೆ ಎಂದು ಬರೆದಿಡುತ್ತಿದ್ದರು. ಗ್ರಹದ ಮೇಲೆ ಬೀಳುವ ಬಿಸಿಲಿನಿಂದ ಆರಂಭಿಸಿ, ಅಲ್ಲಿ ಎಷ್ಟು ತಾಪವಿರಬೇಕೆಂಬುದನ್ನು ಗಣಿತದಿಂದಲೇ ಹೇಳಬಹುದೆಂದು ಮಿಲಾಂಕೊವಿಚ್ ಮನಗಂಡರು. ಸೂರ್ಯನ ಶಾಖ, ಗ್ರಹದ ದೂರ, ಅಕ್ಷದ ಓರೆ ಇಷ್ಟು ತಿಳಿದರೆ ಯಾವ ಅಕ್ಷಾಂಶಕ್ಕೆ ಯಾವ ದಿನ ಎಷ್ಟು ಶಾಖ ಸಿಗುವುದೆಂದು ಎಣಿಸಬಹುದು. ಇಂದಿನ ಮಾತು ಮಾತ್ರವಲ್ಲ, ಲಕ್ಷ ವರ್ಷಗಳ ಹಿಂದಿನ ಮಾತನ್ನೂ ಹೇಳಬಹುದು. ಈ ದಿಕ್ಕಿನ ಅವರ ಮೊದಲ ಲೇಖನಗಳು 1912ರಿಂದ ಪ್ರಕಟವಾಗತೊಡಗಿದವು.

ಇಲ್ಲಿ ಈ ವಿಷಯದ ತಿರುಳನ್ನು ತುಸು ವಿವರಿಸುವುದು ಅಗತ್ಯ. ಭೂಮಿಯು ಸೂರ್ಯನನ್ನು ಒಂದೇ ಬಗೆಯಲ್ಲಿ ಎಂದೆಂದಿಗೂ ಸುತ್ತುತ್ತಿಲ್ಲ. ಗುರು, ಶುಕ್ರ ಮೊದಲಾದ ಗ್ರಹಗಳ ಸೆಳೆತದಿಂದ ಅದರ ಕಕ್ಷೆಯು ಕೆಲವೊಮ್ಮೆ ಬಹುಪಾಲು ವೃತ್ತವಾಗಿ, ಕೆಲವೊಮ್ಮೆ ತುಸು ನೀಳವಾಗಿ ಮಾರ್ಪಡುತ್ತದೆ. ಈ ಮಾರ್ಪಾಟಿನ ಒಂದು ಮುಖ್ಯ ಆವರ್ತನೆಗೆ ಸುಮಾರು 1,00,000 ವರ್ಷ. ಭೂಮಿಯ ಅಕ್ಷದ ಓರೆ ಇಂದು 23.4 ಡಿಗ್ರಿ, ಅದು ಸುಮಾರು 41,000 ವರ್ಷಗಳ ಆವರ್ತನೆಯಲ್ಲಿ 22.1ರಿಂದ 24.5 ಡಿಗ್ರಿಗಳ ನಡುವೆ ಏರಿಳಿಯುತ್ತದೆ. ಇನ್ನು ಸೂರ್ಯ ಚಂದ್ರರ ಸೆಳೆತಕ್ಕೆ ಸಿಕ್ಕ ಆ ಅಕ್ಷವು ವೇಗ ತಗ್ಗಿದ ಬುಗುರಿಯ ಮೊಳೆಯಂತೆ ಮೆಲ್ಲಗೆ ತೂಗಾಡುತ್ತ ಸುಮಾರು 26,000 ವರ್ಷಗಳಲ್ಲಿ ಒಂದು ಸುತ್ತು ತಿರುಗುತ್ತದೆ.

ಈ ಕೊನೆಯ ಚಲನೆಗೆ ನಮ್ಮ ಜ್ಯೋತಿಷಿಗಳು ಅಯನಚಲನವೆಂದು ಹೆಸರಿಟ್ಟಿದ್ದಾರೆ. ಅದರ ಗುರುತು ನಮ್ಮ ಊರಿನಲ್ಲಿಯೇ ಇದೆ. ಸೊಲ್ಲಾಪುರದ ಸಿದ್ಧರಾಮೇಶ್ವರರ ಜಾತ್ರೆಯಲ್ಲಿ ನಂದಿಧ್ವಜಗಳು ಹೊರಡುವ ಮಕರ ಸಂಕ್ರಾಂತಿಯನ್ನು ನಾವು ಉತ್ತರಾಯಣದ ಆರಂಭವೆಂದು ಆಚರಿಸುತ್ತೇವೆ. ಆದರೆ ಸೂರ್ಯನು ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಸುಮಾರು 1,700 ವರ್ಷಗಳ ಹಿಂದೆ ಈ ಎರಡೂ ಒಂದೇ ದಿನದಲ್ಲಿ ಕೂಡಿದ್ದವು. ಭೂಮಿಯ ಅಕ್ಷವು ಸುಮಾರು 72 ವರ್ಷಗಳಿಗೆ ಒಂದು ಡಿಗ್ರಿಯಂತೆ ಸರಿಯುತ್ತ ಬಂದುದರಿಂದ ಇಂದು ಅವುಗಳ ನಡುವೆ ಮೂರು ವಾರಗಳಿಗೂ ಮಿಗಿಲಾದ ಅಂತರ ಬಿದ್ದಿದೆ.

ಇಂಥ ಚಲನೆಗಳಿಂದ ಹಿಮಯುಗಗಳು ಬಂದಿರಬಹುದೆಂಬ ಊಹೆಯನ್ನು ಮಿಲಾಂಕೊವಿಚ್ ಅವರಿಗಿಂತ ಮೊದಲೇ ಕೆಲವರು ಮಾಡಿದ್ದರು. ಅವರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಕ್ರಾಲ್ ಸ್ಮರಣೀಯರು. ಗ್ಲಾಸ್ಗೋ ನಗರದ ಒಂದು ಕಾಲೇಜಿನ ಕಟ್ಟಡದಲ್ಲಿ ಜವಾನರಾಗಿದ್ದುಕೊಂಡು, ಅಲ್ಲಿನ ಪುಸ್ತಕಗಳನ್ನು ತಾವಾಗಿಯೇ ಓದಿ ವಿಜ್ಞಾನಿಯಾದವರು ಅವರು. ಚಳಿಗಾಲದ ಚಳಿ ಹೆಚ್ಚಿದಾಗ ಹಿಮಯುಗ ಬರುವುದೆಂದು ಕ್ರಾಲ್ ಭಾವಿಸಿದ್ದರು. ಅವರ ಲೆಕ್ಕಕ್ಕೂ ನೆಲದಲ್ಲಿ ಸಿಕ್ಕ ಕುರುಹುಗಳಿಗೂ ಹೊಂದಾಣಿಕೆಯಾಗಲಿಲ್ಲ; ಆ ಊಹೆ ಮೂಲೆಗೆ ಬಿದ್ದಿತು.

ಮಿಲಾಂಕೊವಿಚ್ ತಮ್ಮ ಕೆಲಸವನ್ನು ಕೈಗೆತ್ತಿಕೊಂಡಾಗಲೇ ಯುದ್ಧಗಳೂ ಆರಂಭವಾದವು. 1912-13ರ ಬಾಲ್ಕನ್ ಯುದ್ಧಗಳು ಮುಗಿದ ಮೇಲೆ, 1914ರ ಜೂನ್ ತಿಂಗಳಲ್ಲಿ ಅವರು ಕ್ರಿಸ್ಟೀನಾ ಅವರನ್ನು ವಿವಾಹವಾಗಿ, ಹೊಸ ಹೆಂಡತಿಯೊಡನೆ ಹುಟ್ಟೂರು ದಾಲ್‌ಗೆ ಹೋದರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಹೊತ್ತಿಕೊಂಡಿತು. ಹುಟ್ಟಿದ ಊರಿನಲ್ಲಿಯೇ ಅವರು ಶತ್ರುದೇಶದ ಪ್ರಜೆಯೆನಿಸಿ ಬಂಧಿತರಾದರು. ತಾವು ಬಾಲ್ಯದಲ್ಲಿ ಓದಿದ ಒಸಿಯೆಕ್ ಪಟ್ಟಣದ ಕೋಟೆಯಲ್ಲಿಯೇ ಸೆರೆಯಾಗಬೇಕಾಯಿತು. ಊರು ಅದೇ, ಮನೆ ಅದೇ, ನದಿ ಅದೇ. ನಡುವೆ ಎಳೆದ ಒಂದು ಗೆರೆಯಿಂದಾಗಿ ಮನುಷ್ಯನು ಪರಕೀಯನಾದ. ಇದರ ಅರ್ಥವನ್ನು ಗಡಿನಾಡಿನವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಗೆರೆಗಳು ಅಷ್ಟು ಕ್ರೂರವಾಗಿರಲಿಲ್ಲವೆಂಬುದು ನಮ್ಮ ಭಾಗ್ಯ.

ಸೆರೆಮನೆಯ ಬಾಗಿಲು ಮುಚ್ಚಿದ ಮೊದಲ ರಾತ್ರಿ ಅವರು ಮಂಚದ ಮೇಲೆ ಕುಳಿತು ಸುತ್ತಲೂ ನೋಡಿದರು. ಪೆಟ್ಟಿಗೆಯಲ್ಲಿ ತಮ್ಮ ಲೆಕ್ಕದ ಕಾಗದಗಳಿದ್ದುದು ನೆನಪಾಯಿತು. ಅವನ್ನು ಹೊರತೆಗೆದು, ಲೇಖನಿ ಹಿಡಿದು, ನಡುರಾತ್ರಿ ಮೀರುವವರೆಗೂ ಕೆಲಸದಲ್ಲಿ ಮುಳುಗಿದರು. ಆ ಇಕ್ಕಟ್ಟಾದ ಕೋಣೆ ಅವರಿಗೆ ಬ್ರಹ್ಮಾಂಡದ ಪಯಣದಲ್ಲಿ ಒಂದಿರುಳಿನ ತಂಗುದಾಣದಂತೆ ತೋರಿತೆಂದು ಅವರು ಮುಂದೆ ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ.

ಪತ್ನಿ ಕ್ರಿಸ್ಟೀನಾ ಸುಮ್ಮನೆ ಕೂಡಲಿಲ್ಲ. ವಿಯೆನ್ನಾಕ್ಕೆ ಹೋಗಿ ಪ್ರಾಧ್ಯಾಪಕ ಎಮಾನ್ಯುಯೆಲ್ ಚುಬರ್ ಅವರ ನೆರವು ಬೇಡಿದರು. ಅವರ ಪ್ರಯತ್ನದಿಂದ ಮಿಲಾಂಕೊವಿಚ್ ಸೆರೆಶಿಬಿರದಿಂದ ಬಿಡುಗಡೆ ಹೊಂದಿ ಬುಡಾಪೆಸ್ಟ್ ನಗರಕ್ಕೆ ಬಂದರು. ನಗರ ಬಿಟ್ಟು ಹೋಗುವಂತಿರಲಿಲ್ಲ, ಓದಬಹುದಿತ್ತು, ಬರೆಯಬಹುದಿತ್ತು. ಹಂಗೇರಿಯ ವಿಜ್ಞಾನ ಅಕಾಡೆಮಿಯ ಗ್ರಂಥಾಲಯವು ಅವರಿಗೆ ಬಾಗಿಲು ತೆರೆಯಿತು. ತಮ್ಮ ದೇಶದೊಡನೆ ಯುದ್ಧದಲ್ಲಿದ್ದ ನಾಡಿನ ವಿದ್ವಾಂಸರು ತಮ್ಮನ್ನು ಆದರಿಸಿದುದನ್ನು ಅವರು ಮರೆಯಲಿಲ್ಲ. ಅಲ್ಲಿ ನಾಲ್ಕು ವರ್ಷ ಕುಳಿತು ಭೂಮಿಯ ತಾಪವನ್ನಷ್ಟೇ ಅಲ್ಲದೆ ಮಂಗಳ ಮೊದಲಾದ ಗ್ರಹಗಳ ತಾಪವನ್ನೂ ಎಣಿಸಿದರು. ಆ ಕೃತಿ 1920ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಭಾಷೆಯಲ್ಲಿ ಅಚ್ಚಾಯಿತು.

ಆ ಪುಸ್ತಕವನ್ನು ಓದಿ 1922ರಲ್ಲಿ ಅವರಿಗೆ ಪತ್ರ ಬರೆದವರು ಜಗತ್ತಿನ ಹವಾಗುಣಗಳನ್ನು ವಿಂಗಡಿಸಿ ಪ್ರಸಿದ್ಧರಾದ ವ್ಲಾದಿಮಿರ್ ಕೊಪ್ಪೆನ್. ಭೂಖಂಡಗಳು ಚಲಿಸುತ್ತವೆಂದು ಸಾರಿದ ಆಲ್ಫ್ರೆಡ್ ವೆಗೆನರ್ ಇವರ ಅಳಿಯ. ಚಳಿಗಾಲಕ್ಕಿಂತ ಬೇಸಿಗೆಯೇ ಇಲ್ಲಿ ನಿರ್ಣಾಯಕವೆಂದು ಕೊಪ್ಪೆನ್ ಸೂಚಿಸಿದರು. ಉತ್ತರದ ನಾಡುಗಳಲ್ಲಿ ಚಳಿಗಾಲದಲ್ಲಿ ಹೇಗೂ ಹಿಮ ಬೀಳುತ್ತದೆ. ಬೇಸಿಗೆ ತಂಪಾಗಿದ್ದರೆ ಅದು ಪೂರ್ತಿ ಕರಗದೆ ಉಳಿಯುತ್ತದೆ. ಉಳಿದುದರ ಮೇಲೆ ಮರುವರ್ಷ ಮತ್ತಷ್ಟು ಬೀಳುತ್ತದೆ. ಬಿಳಿಯ ಹಿಮವು ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದ ನೆಲ ಇನ್ನೂ ತಣ್ಣಗಾಗುತ್ತದೆ. ಹೀಗೆ ಸಾವಿರಾರು ವರ್ಷ ನಡೆದರೆ ದೇಶಗಳನ್ನೇ ಮುಚ್ಚುವ ಹಿಮದ ಹಾಸು ಬೆಳೆಯುತ್ತದೆ.

ಈ ಮಾತು ಮನಸ್ಸಿಗೆ ಹಿಡಿದ ಮಿಲಾಂಕೊವಿಚ್ ಉತ್ತರದ 55, 60, 65 ಡಿಗ್ರಿ ಅಕ್ಷಾಂಶಗಳಲ್ಲಿ ಕಳೆದ 6.5 ಲಕ್ಷ ವರ್ಷಗಳ ಬೇಸಿಗೆಯ ಬಿಸಿಲು ಎಷ್ಟಿತ್ತೆಂದು ಎಣಿಸಲು ಕುಳಿತರು. ಗಣಕಯಂತ್ರವಿಲ್ಲದ ಕಾಲ, ಎಲ್ಲವೂ ಕಾಗದದ ಮೇಲೆ, ಕೈಯಿಂದ. ಮುಂಜಾನೆಯಿಂದ ರಾತ್ರಿಯವರೆಗೆ ದುಡಿದು 100 ದಿನಗಳಲ್ಲಿ ಅದನ್ನು ಮುಗಿಸಿ, ಏರಿಳಿಯುವ ರೇಖೆಗಳಾಗಿ ಬರೆದು ಕೊಪ್ಪೆನ್ ಅವರಿಗೆ ಕಳುಹಿಸಿದರು. ಆಲ್ಪ್ಸ್ ಪರ್ವತದ ಕಣಿವೆಗಳಲ್ಲಿ ಭೂವಿಜ್ಞಾನಿಗಳು ಗುರುತಿಸಿದ್ದ ಹಿಮಯುಗಗಳಿಗೂ ಆ ರೇಖೆಯ ತಗ್ಗುಗಳಿಗೂ ಹೋಲಿಕೆಯಿದೆಯೆಂದು ಕೊಪ್ಪೆನ್ ಕಂಡರು. 1924ರಲ್ಲಿ ಕೊಪ್ಪೆನ್ ಮತ್ತು ವೆಗೆನರ್ ಪ್ರಕಟಿಸಿದ ಗ್ರಂಥದಲ್ಲಿ ಆ ರೇಖೆಗಳು ಲೋಕದ ಕಣ್ಣಿಗೆ ಬಿದ್ದವು.

ಇದೇ ನಡುವೆ ಅವರು ಪಂಚಾಂಗದ ಸುಧಾರಣೆಗೂ ಕೈಹಾಕಿದರು. 1923ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಸೇರಿದ ಆರ್ಥೊಡಾಕ್ಸ್ ಕ್ರೈಸ್ತ ಸಭೆಗಳ ಸಮ್ಮೇಳನದಲ್ಲಿ ಅವರು ಮಂಡಿಸಿದ ಹೊಸ ಗಣನೆಯನ್ನು ಹಲವು ಸಭೆಗಳು ಒಪ್ಪಿಕೊಂಡವು. ಅವರದೇ ಆದ ಸರ್ಬಿಯಾದ ಸಭೆ ಮಾತ್ರ ಹಳೆಯ ಪಂಚಾಂಗವನ್ನೇ ಇಟ್ಟುಕೊಂಡಿತು. ಸೂರ್ಯನ ಲೆಕ್ಕ ಸುಲಭ, ಜನರ ರೂಢಿಯ ಲೆಕ್ಕ ಕಠಿಣ. ಸಂಕ್ರಾಂತಿಯ ದಿನವನ್ನು ಬದಲಿಸದೆ ಇಟ್ಟುಕೊಂಡಿರುವ ನಾವೂ ಅವರಿಗಿಂತ ಬೇರೆಯಲ್ಲ.

ಅವರು ದೊಡ್ಡ ಕೃತಿಗಳನ್ನು ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಬರೆದರೂ ತಾಯ್ನುಡಿಯನ್ನು ಬಿಡಲಿಲ್ಲವೆಂಬುದು ನಮ್ಮಂಥ ಶಾಲೆಯವರು ಮನಸ್ಸಿಟ್ಟು ನೋಡಬೇಕಾದ ಸಂಗತಿ. ಖಗೋಳದ ಇತಿಹಾಸವನ್ನು ಅನಾಮಿಕಳಾದ ಗೆಳತಿಯೊಬ್ಬಳಿಗೆ ಬರೆದ ಪತ್ರಗಳ ರೂಪದಲ್ಲಿ ಸರ್ಬಿಯನ್ ಭಾಷೆಯಲ್ಲಿ ಹೇಳಿದ ಅವರ ಪುಸ್ತಕವು 1928ರಲ್ಲಿ ಹೊರಬಂದು ಜನಪ್ರಿಯವಾಯಿತು. ವಿದ್ಯಾರ್ಥಿಗಳಿಗಾಗಿ ಆಕಾಶಕಾಯಗಳ ಚಲನಶಾಸ್ತ್ರದ ಪಠ್ಯವನ್ನೂ ಅದೇ ಭಾಷೆಯಲ್ಲಿ ರಚಿಸಿದರು. ಕಠಿಣವಾದ ವಿಷಯ ತಾಯ್ನುಡಿಗೆ ಒಗ್ಗದೆಂಬ ಮಾತಿಗೆ ಅವರು ವಾದದಿಂದಲ್ಲ, ಬರೆದು ತೋರಿಸುವುದರಿಂದ ಉತ್ತರ ಕೊಟ್ಟರು.

ಮೂವತ್ತು ವರ್ಷಗಳ ಶ್ರಮವನ್ನೆಲ್ಲ ಒಂದೆಡೆ ಕೂಡಿಸಿದ ಅವರ ಮಹಾಗ್ರಂಥ, ಭೂಮಿಯ ಮೇಲೆ ಬೀಳುವ ಸೂರ್ಯಶಾಖದ ನಿಯಮಗಳನ್ನೂ ಹಿಮಯುಗದ ಸಮಸ್ಯೆಯನ್ನೂ ಕುರಿತದ್ದು, 600ಕ್ಕೂ ಮಿಗಿಲಾದ ಪುಟಗಳಲ್ಲಿ ಜರ್ಮನ್ ಭಾಷೆಯಲ್ಲಿ ಸಿದ್ಧವಾಯಿತು. ಬೆಲ್‌ಗ್ರೇಡಿನ ಮುದ್ರಣಾಲಯದಲ್ಲಿ ಅದರ ಅಚ್ಚು ಮುಗಿದದ್ದು 1941ರ ಏಪ್ರಿಲ್ 2ರಂದು. ನಾಲ್ಕು ದಿನಗಳಲ್ಲಿಯೇ, ಏಪ್ರಿಲ್ 6ರಂದು, ಜರ್ಮನ್ ವಿಮಾನಗಳು ನಗರದ ಮೇಲೆ ಬಾಂಬು ಸುರಿಸಿದವು. ಮುದ್ರಣಾಲಯ ನಾಶವಾಯಿತು. ಆದರೆ ಉಗ್ರಾಣದಲ್ಲಿದ್ದ ಅಚ್ಚಾದ ಹಾಳೆಗಳು ಬಹುಪಾಲು ಹಾನಿಯಿಲ್ಲದೆ ಉಳಿದವು. ಮೇ ತಿಂಗಳಲ್ಲಿ ಇಬ್ಬರು ಜರ್ಮನ್ ಅಧಿಕಾರಿಗಳು ಅವರ ಮನೆಗೆ ಬಂದರು. ಅವರು ಭೂವಿಜ್ಞಾನ ಓದಿದವರು. ಫ್ರೈಬುರ್ಗ್ ನಗರದ ಪ್ರಾಧ್ಯಾಪಕರೊಬ್ಬರ ವಂದನೆಗಳನ್ನು ತಂದಿದ್ದರು. ತಮ್ಮ ಬಳಿಯಿದ್ದ ಒಂದೇ ಒಂದು ಪೂರ್ಣ ಪ್ರತಿಯನ್ನು ಮಿಲಾಂಕೊವಿಚ್ ಅವರ ಕೈಗಿತ್ತು ಕಳುಹಿಸಿದರು. ತಮ್ಮ ನಗರವನ್ನು ಸುಟ್ಟ ಸೇನೆಯವರ ಕೈಯಲ್ಲಿ ತಮ್ಮ ಜೀವಮಾನದ ಗ್ರಂಥ! ಮನುಷ್ಯರ ಜಗಳದಲ್ಲಿ ಸಿದ್ಧಾಂತ ಸತ್ತುಹೋಗಬಾರದೆಂಬುದೊಂದೇ ಅವರ ಕಾಳಜಿಯಾಗಿದ್ದಿರಬೇಕು.

ಯುದ್ಧವೇನೋ ಮುಗಿಯಿತು, ಸಿದ್ಧಾಂತಕ್ಕೆ ಒಳ್ಳೆಯ ದಿನಗಳು ಬರಲಿಲ್ಲ. 1950ರ ದಶಕದಲ್ಲಿ ಹಳೆಯ ಮರ, ಇದ್ದಿಲುಗಳ ವಯಸ್ಸನ್ನು ಇಂಗಾಲದಿಂದ ಅಳೆಯುವ ಹೊಸ ವಿಧಾನ ಬಂದಿತು. ಅದರಿಂದ ದೊರೆತ ಕಾಲಗಳು ಮಿಲಾಂಕೊವಿಚ್ ಅವರ ರೇಖೆಗಳಿಗೆ ಸರಿಹೊಂದುತ್ತಿಲ್ಲವೆಂದು ಅನೇಕ ಭೂವಿಜ್ಞಾನಿಗಳು ಅವರನ್ನು ಕೈಬಿಟ್ಟರು. ತಮ್ಮ ಲೆಕ್ಕದಲ್ಲಿ ನಂಬಿಕೆ ಉಳಿಸಿಕೊಂಡೇ, ಲೋಕದ ಒಪ್ಪಿಗೆಯನ್ನು ಕಾಣದೆಯೇ ಅವರು 1958ರ ಡಿಸೆಂಬರ್ 12ರಂದು ಬೆಲ್‌ಗ್ರೇಡಿನಲ್ಲಿ ಕಣ್ಮುಚ್ಚಿದರು. ಕೆಲವು ವರ್ಷಗಳ ತರುವಾಯ ಅವರ ಅವಶೇಷಗಳನ್ನು ದಾಲ್‌ಗೆ ಒಯ್ದು ಮನೆತನದ ಸಮಾಧಿಯಲ್ಲಿ ಇರಿಸಲಾಯಿತು.

ಸಾಕ್ಷ್ಯ ಬಂದದ್ದು ಸಮುದ್ರದ ತಳದಿಂದ. ಕಡಲಿನಲ್ಲಿ ಬಾಳುವ ಅತಿಸೂಕ್ಷ್ಮ ಜೀವಿಗಳ ಚಿಪ್ಪುಗಳು ತಳದ ಕೆಸರಿನಲ್ಲಿ ಪದರ ಪದರವಾಗಿ ಕೂಡುತ್ತವೆ. ಭೂಮಿಯ ಮೇಲೆ ಹಿಮ ಹೆಚ್ಚಿದಾಗ ಹಗುರವಾದ ಆಮ್ಲಜನಕವುಳ್ಳ ನೀರು ಹಿಮದಲ್ಲಿ ಸಿಕ್ಕಿಬೀಳುವುದರಿಂದ, ಆ ಕಾಲದ ಚಿಪ್ಪುಗಳಲ್ಲಿ ಭಾರವಾದ ಆಮ್ಲಜನಕದ ಪ್ರಮಾಣ ಹೆಚ್ಚುತ್ತದೆ. ಜೇಮ್ಸ್ ಹೇಸ್, ಜಾನ್ ಇಂಬ್ರಿ, ನಿಕೊಲಾಸ್ ಶ್ಯಾಕಲ್ಟನ್ ಎಂಬ ಮೂವರು ವಿಜ್ಞಾನಿಗಳು ನಮ್ಮ ಹಿಂದೂ ಮಹಾಸಾಗರದ ದಕ್ಷಿಣಭಾಗದಿಂದ ತೆಗೆದ ಎರಡು ಕೆಸರಿನ ಕಂಬಗಳನ್ನು ಪರೀಕ್ಷಿಸಿದರು. ಸುಮಾರು 4.5 ಲಕ್ಷ ವರ್ಷಗಳ ಆ ದಾಖಲೆಯಲ್ಲಿ 1,00,000, 42,000, 23,000, 19,000 ವರ್ಷಗಳ ಆವರ್ತನೆಗಳು ಕಂಡುಬಂದವು. ಅವು ಭೂಮಿಯ ಚಲನೆಗಳ ಆವರ್ತನೆಗಳೇ. 1976ರ ಡಿಸೆಂಬರಿನಲ್ಲಿ ಈ ಫಲಿತಾಂಶ ಪ್ರಕಟವಾದಾಗ ಮಿಲಾಂಕೊವಿಚ್ ತೀರಿಕೊಂಡು 18 ವರ್ಷಗಳಾಗಿದ್ದವು.

ಈ ಚಲನೆಗಳು ಹಿಮದ ನಾಡುಗಳಿಗೆ ಮಾತ್ರ ಸಂಬಂಧಿಸಿದವಲ್ಲ. ಇಂದು ಭೂಮಿಯು ಸೂರ್ಯನಿಗೆ ಅತ್ಯಂತ ಹತ್ತಿರ ಬರುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೊಮೀಟರ್ ದೂರಕ್ಕೆ, ಜುಲೈಯಲ್ಲಿ 15.2 ಕೋಟಿ ಕಿಲೊಮೀಟರ್ ದೂರ ಸರಿಯುತ್ತದೆ. ಸುಮಾರು 10,000 ವರ್ಷಗಳ ಹಿಂದೆ ಉತ್ತರಾರ್ಧದ ಬೇಸಿಗೆಯಲ್ಲಿಯೇ ಭೂಮಿ ಸೂರ್ಯನಿಗೆ ಹತ್ತಿರವಿತ್ತು. ಏಷ್ಯಾದ ನೆಲ ಹೆಚ್ಚು ಕಾದು, ಕಡಲಿನ ಕಡೆಯಿಂದ ಮುಂಗಾರನ್ನು ಹೆಚ್ಚು ಬಲವಾಗಿ ಸೆಳೆಯಿತು. ಇಂದು ಒಣಗಿರುವ ರಾಜಸ್ಥಾನದ ಕೆಲವು ಸರೋವರಗಳ ತಳದ ಮಣ್ಣು ಆ ತರುವಾಯದ ಸಾವಿರಾರು ವರ್ಷಗಳ ನೀರಿನ ಕಥೆಯನ್ನು ಹೇಳುತ್ತದೆ. ಮಳೆಗೆ ನಕ್ಷತ್ರದ ಹೆಸರಿಟ್ಟ ನಮ್ಮ ರೈತರ ಪಾಲಿಗೂ ಈ ವಿದ್ಯೆ ಹೊರಗಿನದಲ್ಲ. ಆದರೆ ಒಂದು ಮಾತನ್ನು ಬೆರೆಸಿಕೊಳ್ಳಬಾರದು. ಈ ಚಲನೆಗಳು ಸಾವಿರಾರು ವರ್ಷಗಳಲ್ಲಿ ಮಾಡುವ ಕೆಲಸ ಅವು. ಕಳೆದ ನೂರೈವತ್ತು ವರ್ಷಗಳಲ್ಲಿ ಭೂಮಿ ಬಿಸಿಯೇರುತ್ತಿರುವುದು ಅವುಗಳಿಂದಲ್ಲ. ನಾವು ಸುಡುತ್ತಿರುವ ಕಲ್ಲಿದ್ದಲು, ಎಣ್ಣೆಗಳಿಂದ.

ಇಂದು ಚಂದ್ರನ ಮೇಲೂ ಮಂಗಳನ ಮೇಲೂ ಅವರ ಹೆಸರಿನ ಕುಳಿಗಳಿವೆ. ಭೂಮಿಯ ಆ ಚಲನೆಗಳನ್ನು ವಿಜ್ಞಾನಿಗಳು ಮಿಲಾಂಕೊವಿಚ್ ಆವರ್ತನೆಗಳೆಂದೇ ಕರೆಯುತ್ತಾರೆ.

ನಮ್ಮ ಶಾಲೆಗೆ ನೂರು ವರ್ಷ ತುಂಬಿದೆ. ಈ ನೂರು ವರ್ಷಗಳಲ್ಲಿ ಭೂಮಿಯ ಅಕ್ಷವು ತನ್ನ ಮಹಾಸುತ್ತಿನಲ್ಲಿ ಸರಿದಿರುವುದು ಒಂದೂವರೆ ಡಿಗ್ರಿಗೂ ಕಡಿಮೆ. ಕಣ್ಣಿಗೆ ಕಾಣದ ಅಷ್ಟು ಚಿಕ್ಕ ಸರಿದಾಟವೇ ಕೂಡುತ್ತ ಹೋಗಿ ಋತುಗಳನ್ನು ತಿರುವುತ್ತದೆ. ಮಕ್ಕಳ ಸಂಖ್ಯೆ ಇಳಿಯುತ್ತಿದೆಯೆಂದೂ, ಗಡಿಯಾಚೆಯ ಕನ್ನಡಕ್ಕೆ ಇನ್ನೆಷ್ಟು ದಿನವೆಂದೂ ಆಗಾಗ ಎದೆಗುಂದುವವರು ನಾವು. ಅಂಥ ಗಳಿಗೆಯಲ್ಲಿ, ತನ್ನೂರಿನಲ್ಲಿಯೇ ಸೆರೆಯಾದ ರಾತ್ರಿ ಲೆಕ್ಕದ ಕಾಗದಗಳನ್ನು ಬಿಡಿಸಿಕೊಂಡು ಕುಳಿತ ಆ ಮನುಷ್ಯನನ್ನು ನೆನೆಯೋಣ. ನಾಳೆ ಬೆಳಗ್ಗೆ ಗಂಟೆ ಬಾರಿಸಿದಾಗ, ಮುಂದೆ ಕುಳಿತ ಮಕ್ಕಳು ಇಪ್ಪತ್ತಿರಲಿ, ಇನ್ನೂರಿರಲಿ, ಆ ದಿನದ ಪಾಠವನ್ನು ಆ ದಿನ ಚೆನ್ನಾಗಿ ಹೇಳೋಣ. ಅದರ ಫಲವನ್ನು ಎಣಿಸುವವರು ಮುಂದೆ ಬರುತ್ತಾರೆ.